ಹಾಲ್ ದೊಡ್ಡದಿದೆ, ಕಣ್ಣು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಜನ ಜಾಸ್ತಿ ಬರುವ ಮನೆ ಅಂತ ಹಾಲ್ ದೊಡ್ಡದು ಮಾಡಿಸಿದೆವು: 34 ಅಡಿ ಉದ್ದ, 18 ಅಡಿ ಅಗಲ, ಊಟದ ಮೇಜೂ ಅದರಲ್ಲೇ. ಪೂರ್ವದ ಗೋಡೆಯ ದಕ್ಷಿಣ ತುದಿಯಲ್ಲಿ ಮುಂಬಾಗಿಲು. ಉತ್ತರದ ಗೋಡೆಗೆ ಮೊದಲು ದೇವರ ಮನೆ ಬಾಗಿಲು, ನಡುವೆ ಖಾಲಿ ಗೋಡೆ, ಕೊನೆಗೆ ಅತ್ತೆ-ಮಾವನವರ ಕೋಣೆ. ದಕ್ಷಿಣಕ್ಕೆ ಕಿಟಕಿಗಳು. ಪಶ್ಚಿಮಕ್ಕೆ ಅಡುಗೆಮನೆ. ಸೋಫಾಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದೇವೆ. ಬಂದವರು ಮದುವೆ ಛತ್ರದಲ್ಲಿ ಕೂತ ಹಾಗೆ ಸಾಲಾಗಿ ಕೂರುತ್ತಾರೆ. ಇಂಟೀರಿಯರ್‌ನವರು 'ಫೋಕಲ್ ಪಾಯಿಂಟ್ ಇಲ್ಲ' ಎಂದು ಕಲ್ಲಿನ ಗೋಡೆ, ನೀರಿನ ಕಾರಂಜಿ, ದೊಡ್ಡ ಝೂಮರ್ ತೋರಿಸಿದ್ದಾರೆ. ನಮ್ಮವರಿಗೆ ದೊಡ್ಡ ಟಿವಿ ಯೂನಿಟ್ ಬೇಕು. ಅತ್ತೆಯವರು ಊರಮನೆಯ ತೇಗದ ಉಯ್ಯಾಲೆ ಮಣೆ ತರಿಸೋಣ ಎನ್ನುತ್ತಾರೆ. ನನ್ನ ಬಳಿ ಎರಡಡಿಯ ಮೈಸೂರು ಶೈಲಿಯ ಗಜಲಕ್ಷ್ಮಿ ಚಿತ್ರವಿದೆ. ಯಾವುದನ್ನು ಮುಖ್ಯ ಮಾಡಲಿ?

ಉತ್ತರ: ಏನನ್ನೂ ಕೊಳ್ಳುವ ಮೊದಲು ಸೋಫಾಗಳನ್ನು ಗೋಡೆಯಿಂದ ಬಿಡಿಸಿ. ನಿಮ್ಮ ಕಾಗದದಲ್ಲಿ ನನಗೆ ಮುಖ್ಯ ಅನ್ನಿಸಿದ ಮಾತು ಛತ್ರದ ಮಾತು. ಇಂಟೀರಿಯರ್‌ನವರು ಹೇಳುವ ಕೊರತೆ ಗೋಡೆಯ ಮೇಲಿಲ್ಲ, ಕೂರುವ ಕ್ರಮದಲ್ಲಿದೆ.

ಲೆಕ್ಕ ನೋಡಿ. ಒಂದು ಸೋಫಾ ಮೂರಡಿ ಆಳ. 18 ಅಡಿ ಅಗಲದ ಹಾಲಿನಲ್ಲಿ ಎರಡೂ ಕಡೆಯ ಗೋಡೆಗೆ ಸೋಫಾ ಒತ್ತಿದರೆ ಮಧ್ಯೆ 12 ಅಡಿ ಉಳಿಯುತ್ತದೆ. ಕೂತವರ ಮುಖದಿಂದ ಮುಖಕ್ಕೆ ಅಳೆದರೆ ಇನ್ನೂ ಹೆಚ್ಚು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಜನ ಯಾವ ಸಂದರ್ಭಕ್ಕೆ ಎಷ್ಟು ದೂರ ಕೂರುತ್ತಾರೆ ಎಂಬುದನ್ನು ವಿಂಗಡಿಸಿ ಬರೆದ. ಪರಿಚಯದವರ ಮಾತುಕತೆ ನಡೆಯುವುದು 4ರಿಂದ 12 ಅಡಿಯೊಳಗೆ. ಅದರಾಚೆಗಿನದು ಭಾಷಣದ ದೂರ. ಅವನು ನೋಡಿದ್ದು ಬಹುಪಾಲು ಅಮೆರಿಕನ್ನರನ್ನು. ನಮ್ಮವರು ಇನ್ನೂ ಹತ್ತಿರ ಕೂರುವವರು. ದಾವಣಗೆರೆ ಕಡೆ ಮಾತಿನ ಮಧ್ಯೆ ಪಕ್ಕದವರ ತೊಡೆ ತಟ್ಟದೆ ಯಾರು ಕಥೆ ಹೇಳುತ್ತಾರೆ? ಅಂಥವರನ್ನು 14 ಅಡಿ ದೂರ ಕೂರಿಸಿದರೆ ಎದುರಿನವರನ್ನು ಬಿಟ್ಟು ಪಕ್ಕದವರ ಜೊತೆ ಪಿಸುಗುಡುತ್ತಾರೆ, ಇಲ್ಲವೇ ಎಲ್ಲರೂ ಟಿವಿ ನೋಡುತ್ತಾರೆ. ಅಂಥ ಕೋಣೆಗೆ ಕಲ್ಲು ಮೆತ್ತಿದರೂ ಝೂಮರ್ ತೂಗಿದರೂ ಅದು ಛತ್ರವೇ.

ಆದ್ದರಿಂದ ಕಣ್ಣು ನಿಲ್ಲುವ ಜಾಗ ಯಾವುದು ಎನ್ನುವುದಕ್ಕಿಂತ, ಕೂತವರ ಮೊಣಕಾಲು ಯಾವ ಕಡೆಗೆ ತಿರುಗಿದೆ ಎಂದು ಕೇಳಿಕೊಳ್ಳಿ. ಎಲ್ಲ ಮೊಣಕಾಲೂ ಒಂದೇ ಕಡೆಗೆ ತಿರುಗಿದ್ದರೆ ಅಲ್ಲೊಂದು ಕೇಂದ್ರ ತಾನಾಗಿ ಹುಟ್ಟುತ್ತದೆ. ಅಲ್ಲಿ ಇಡುವ ವಸ್ತು ಆಮೇಲಿನ ಮಾತು.

ಹಳೆಯ ಮನೆಗಳಿಗೆ ಇದು ಗೊತ್ತಿತ್ತು. ತೊಟ್ಟಿಮನೆಯ ನಡುವಿನ ತೊಟ್ಟಿಯಲ್ಲಿ ನೋಡುವಂಥದ್ದು ಏನಿತ್ತು? ಮೇಲಿಂದ ಬೀಳುವ ಬಿಸಿಲು, ಮಳೆಗಾಲದಲ್ಲಿ ನೀರು, ಒಣಗಲು ಹಾಕಿದ ಹಪ್ಪಳ. ಆದರೆ ಸುತ್ತಲಿನ ನಾಲ್ಕು ಜಗಲಿಗಳ ಮುಖವೂ ಅತ್ತಲೇ ಇದ್ದುದರಿಂದ ಮನೆಯ ಮಾತೆಲ್ಲ ಅದರ ಮೇಲೆ ಹಾದುಹೋಗುತ್ತಿತ್ತು. ನಿಮ್ಮ ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ತೊಟ್ಟಿ ಇಲ್ಲದಿದ್ದರೂ ಬೆಳಕಿಂಡಿ ಇತ್ತು. ಪಡಸಾಲೆಯಲ್ಲಿ ಕಾಳು ಹಸನು ಮಾಡುವವರು ಆ ಬೆಳಕಿನ ಬುಡಕ್ಕೇ ಮೊರ ಹಿಡಿದು ಬಂದು ಕೂರುತ್ತಿದ್ದರು. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನಲ್ಲಿ ವಾಸ್ತುಶಿಲ್ಪಿ ಈರೊ ಸಾರಿನೆನ್ ಕಟ್ಟಿ 1957ರಲ್ಲಿ ಮುಗಿಸಿದ ಮಿಲ್ಲರ್ ಮನೆಯಲ್ಲೂ ಹೆಚ್ಚುಕಡಿಮೆ ಇದೇ ಉಪಾಯ. ಅಲ್ಲಿನ ವಿಶಾಲವಾದ ಹಾಲಿನ ನಡುವೆ ನೆಲವನ್ನೇ ಚೌಕಾಕಾರವಾಗಿ ತಗ್ಗಿಸಿ, ಒಳಗೆ ಸುತ್ತಲೂ ಮೆತ್ತೆ ಹಾಕಿ ಕೂರುವಂತೆ ಮಾಡಿದ್ದಾನೆ. ದೊಡ್ಡ ಹಾಲು ಅವನನ್ನೂ ಕಾಡಿರಬೇಕು. ಆ ಗುಂಡಿಗೆ ಇಳಿದವರ ಮೊಣಕಾಲು ಬೇರೆ ಕಡೆ ತಿರುಗುವ ಹಾಗೇ ಇಲ್ಲ. (ನೀವು ನೆಲ ಅಗೆಸಬೇಡಿ. ವಯಸ್ಸಾದವರಿರುವ ಮನೆಯಲ್ಲಿ ನಟ್ಟನಡುವೆ ಎರಡು ಮೆಟ್ಟಿಲಿನ ತಗ್ಗು ಎಂದರೆ ಸೊಂಟದ ಮೂಳೆ ಮುರಿತಕ್ಕೆ ಕರೆ ಕೊಟ್ಟಂತೆ.)

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ.

ಕಾರಂಜಿ ಬೇಡ. ಮೊದಲ ತಿಂಗಳು ಚೆಂದ. ಆಮೇಲೆ ಪಂಪಿನ ಗುಂಯ್ ಸದ್ದು, ಬೋರ್‌ವೆಲ್ ನೀರಿನ ಬಿಳಿ ಕಲೆ, ಸೊಳ್ಳೆ. ಕಲ್ಲಿನ ಗೋಡೆಯ ಮಾತೂ ಅಷ್ಟೇ: ಉಬ್ಬುತಗ್ಗಿನಲ್ಲಿ ಕೂರುವ ಧೂಳನ್ನು ಹಬ್ಬಹಬ್ಬಕ್ಕೂ ಒರೆಸುವವರು ಯಾರೆಂದು ಇಂಟೀರಿಯರ್‌ನವರನ್ನು ಕೇಳಿ. ಝೂಮರ್ ಇಷ್ಟವಿದ್ದರೆ ಹಾಕಿಸಿಕೊಳ್ಳಿ, ಆದರೆ ಅದು ಕೂತವರ ಕಣ್ಣಿನ ಮಟ್ಟಕ್ಕಿಂತ ಬಹಳ ಮೇಲಿರುತ್ತದೆ. ನಿಂತು ತಲೆಯೆತ್ತಿದವರಿಗೆ ಮಾತ್ರ ಅದರ ಸೊಗಸು.

ದೇವರ ಮನೆಯ ಕೆತ್ತನೆ ಬಾಗಿಲನ್ನೇ ಮುಖ್ಯ ಮಾಡಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೋಫಾಗಳೆಲ್ಲ ಅತ್ತ ತಿರುಗಿದರೆ ಮಕ್ಕಳು ದೇವರ ಕಡೆಗೆ ಕಾಲು ಚಾಚಿ ಕೂರುತ್ತಾರೆ, ಅತ್ತೆಯವರು ದಿನವೂ ಗದರುತ್ತಾರೆ. ಪೂಜೆಗೆ ಕೂತವರ ಬೆನ್ನಿಗೆ ನೆಂಟರ ನೋಟ ಬೀಳುವುದೂ ಒಳ್ಳೆಯದಲ್ಲ. ಆ ಬಾಗಿಲು ಓರೆಗಣ್ಣಿಗೆ ಕಂಡರೆ ಸಾಕು.

ಗಜಲಕ್ಷ್ಮಿ ಚಿತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮೈಸೂರು ಶೈಲಿಯ ಹೆಚ್ಚುಗಾರಿಕೆ ಅದರ ನವಿರಿನಲ್ಲಿದೆ. ತಂಜಾವೂರು ಚಿತ್ರದಲ್ಲಿ ಗೆಸ್ಸೊ (ಉಬ್ಬು ಮೂಡಿಸುವ ಲೇಪ) ಕೆಲಸ ದಪ್ಪಗೆ ಉಬ್ಬಿರುತ್ತದೆ, ಗಾಜಿನ ಹರಳುಗಳಿರುತ್ತವೆ; ದೂರದಿಂದಲೂ ಹೊಳೆಯುತ್ತದೆ. ಮೈಸೂರಿನದರಲ್ಲಿ ಉಬ್ಬು ತೀರ ತೆಳು, ಅದರ ಮೇಲೆ ಚಿನ್ನದ ರೇಕು, ಕೂದಲೆಳೆಯಷ್ಟು ಸಣ್ಣ ಗೆರೆ. ಎರಡಡಿಯ ಅಂಥ ಚಿತ್ರವನ್ನು ಖಾಲಿ ಗೋಡೆಯ ನಡುವೆ ತೂಗಿಹಾಕಿ 12 ಅಡಿ ದೂರದಿಂದ ನೋಡಿದರೆ ಕಾಣುವುದು ಚೌಕಟ್ಟು ಮಾತ್ರ. ಅದೂ ಕಿಟಕಿಗಳ ಎದುರಿನ ಗೋಡೆ. ಗಾಜಿನಲ್ಲಿ ಲಕ್ಷ್ಮಿಯ ಬದಲು ನಿಮ್ಮ ಬೀದಿಯೇ ಕಂಡೀತು. ಅದನ್ನು ಮುಂಬಾಗಿಲ ಪಕ್ಕದ ಪೂರ್ವದ ಗೋಡೆಗೆ ಹಾಕಿ. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 58 ಇಂಚು ಎತ್ತರಕ್ಕೆ ಬರಲಿ, ಕೆಳಗೊಂದು ಸಣ್ಣ ಮೇಜಿರಲಿ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಎರಡಡಿ ದೂರದಲ್ಲಿ ನಿಂತು ನೋಡುತ್ತಾರೆ. ಆ ಚಿತ್ರ ಕೇಳುವುದು ಅಷ್ಟೇ ಹತ್ತಿರವನ್ನು.

ಇನ್ನು ಟಿವಿ. ಇದರಲ್ಲಿ ಪ್ರಾಮಾಣಿಕರಾಗಿರಬೇಕು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮಾವನವರ ಸುದ್ದಿಯೂ ಅತ್ತೆಯವರ ಧಾರಾವಾಹಿಯೂ ಓಡುವ ಮನೆಯಲ್ಲಿ ಟಿವಿಗೆ ಎದುರಾಗಿ ಯಾವ ಕಲಾಕೃತಿಯೂ ಗೆಲ್ಲುವುದಿಲ್ಲ. ಬಾಗಿಲು ಹಾಕಿ ಅಡಗಿಸುವ ಟಿವಿ ಕಪಾಟುಗಳಿವೆ. ಅವುಗಳ ಬಾಗಿಲು ಗೃಹಪ್ರವೇಶದ ದಿನ ಮುಚ್ಚಿರುತ್ತದೆ, ಮರುದಿನದಿಂದ ತೆರೆದೇ ಇರುತ್ತದೆ. ದೊಡ್ಡ ಹಾಲಿನ ಲಾಭವೆಂದರೆ ಒಂದೇ ಗೋಡೆಗೆ ಜಗಳ ಬೇಕಿಲ್ಲ. ನಿಮ್ಮ 34 ಅಡಿಯನ್ನು 20 ಮತ್ತು 14 ಎಂದು ಭಾಗ ಮಾಡಿ. ಮುಂಬಾಗಿಲ ಕಡೆಯ 20 ಅಡಿ ಮಾತಿಗೆ. ಒಳಗಿನ 14 ಅಡಿಯಲ್ಲಿ ಕಿಟಕಿ ಬದಿಗೆ, ಅಡುಗೆಮನೆಗೆ ಹತ್ತಿರವಾಗಿ ಊಟದ ಮೇಜು; ಇನ್ನೊಂದು ಬದಿಗೆ, ಮಾವನವರ ಕೋಣೆಯ ಬಾಗಿಲ ಹತ್ತಿರ, ಪಶ್ಚಿಮದ ಗೋಡೆಗೆ ಟಿವಿ, ಅದರೆದುರು ಎರಡು ಒರಗು ಕುರ್ಚಿ.

55 ಇಂಚಿನ ಟಿವಿಯ ಅಗಲ ಸುಮಾರು ನಾಲ್ಕಡಿ. ಅದನ್ನು ಆರಾಮವಾಗಿ ನೋಡಲು ಏಳೂವರೆ ಅಡಿ ದೂರ ಸಾಕು. 65 ಇಂಚಿನದಾದರೆ ಒಂದಡಿ ಹೆಚ್ಚು. ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು, ಅಂದರೆ ನೆಲದಿಂದ 40-42 ಇಂಚು. ನಮ್ಮಲ್ಲಿ ಟಿವಿಯನ್ನು ಕ್ಯಾಲೆಂಡರಿನಷ್ಟು ಮೇಲೆ ಏರಿಸುವ ಚಾಳಿಯಿದೆ. ಹಿರಿಯರ ಕತ್ತುನೋವಿಗೆ ಅರ್ಧ ಕಾರಣ ಅದೇ ಎಂದು ನನ್ನ ಗುಮಾನಿ. ಕಿಟಕಿಗಳು ಪಕ್ಕಕ್ಕೆ ಬರುವುದರಿಂದ ಪರದೆಯ ಮೇಲೆ ನೇರ ಬೆಳಕು ಬಿದ್ದು ಮಸುಕಾಗುವುದೂ ತಪ್ಪುತ್ತದೆ. ನಿಮ್ಮವರಿಗೆ ಬೇಕಾದ ದೊಡ್ಡ ಟಿವಿ ಯೂನಿಟ್‌ನ ಜಾಗದಲ್ಲಿ ಬರಿಯ ಟಿವಿ ಬರುತ್ತದೆ. ಕ್ರಿಕೆಟ್ಟಿನ ದಿನ ಊಟದ ಕುರ್ಚಿಗಳನ್ನೂ ಎಳೆದುಕೊಳ್ಳಬಹುದು ಎಂದು ಹೇಳಿ ನೋಡಿ.

ಉಳಿದದ್ದು ಉಯ್ಯಾಲೆ. ಅತ್ತೆಯವರ ಮಾತು ಕೇಳಿ. ಊರಮನೆಯ ನೆನಪು ಎಂಬ ಕಾರಣಕ್ಕೆ ಹೇಳುತ್ತಿಲ್ಲ. ನಿಮ್ಮ ಪಟ್ಟಿಯಲ್ಲಿ ಮನುಷ್ಯರು ಕೂರುವ ವಸ್ತು ಅದೊಂದೇ. ಎಂಥ ಚಿತ್ರವಾದರೂ ತಿಂಗಳು ಕಳೆದ ಮೇಲೆ ಕಣ್ಣಿಗೆ ಹಳತಾಗುತ್ತದೆ. ಉಯ್ಯಾಲೆಯ ಮೇಲೆ ಒಂದು ಹೊತ್ತು ಮೊಮ್ಮಗಳು, ಒಂದು ಹೊತ್ತು ಬಟಾಣಿ ಸುಲಿಯುವ ಅತ್ತೆ, ಭಾನುವಾರ ನೆಂಟರ ಮನೆಯ ಹೊಸ ಮದುಮಗ. ಹಾಲಿಗೆ ಬಂದವರ ಕಣ್ಣು ತಾನಾಗಿ ಹೋಗುವುದು ಅಲುಗಾಡುವುದರ ಕಡೆಗೆ ಮತ್ತು ಮನುಷ್ಯರ ಮುಖದ ಕಡೆಗೆ. ಇಲ್ಲಿ ಎರಡೂ ಒಂದೇ ಕಡೆ ಸಿಗುತ್ತವೆ.

ಅದರ ಜಾಗ ಉತ್ತರದ ಖಾಲಿ ಗೋಡೆಯ ಮುಂದೆ. ಮಣೆ ಗೋಡೆಗೆ ಸಮಾನಾಂತರವಾಗಿರಲಿ, ಮಣೆಯ ನಡುಮಧ್ಯ ಗೋಡೆಯಿಂದ ಐದು ಅಡಿಗೆ ಬರಲಿ. ಹಿಂದಕ್ಕೆ ತೂಗಿದಾಗ ಗೋಡೆಗೆ ತಾಗಬಾರದು. ಗೋಡೆಯಿಂದ 12 ಅಡಿಗೆ ಉದ್ದನೆಯ ಸೋಫಾದ ಮುಂದಂಚು. ಸೋಫಾ ಮೂರಡಿ, ಅದರ ಬೆನ್ನಿಗೂ ಕಿಟಕಿಗಳಿಗೂ ನಡುವೆ ಓಡಾಡಲು ಮೂರಡಿ. ಒಟ್ಟು 18. ಮುಂಬಾಗಿಲಿಂದ ಅಡುಗೆಮನೆಗೆ ಹೋಗುವವರು ಸೋಫಾದ ಹಿಂದಿನಿಂದ ಹೋಗುತ್ತಾರೆ, ಮಾತಿನ ಮಧ್ಯೆ ಹಾಯುವುದಿಲ್ಲ. ಉಯ್ಯಾಲೆಯಲ್ಲಿ ಕೂತವರಿಗೂ ಸೋಫಾದವರಿಗೂ ಎಂಟೂವರೆ ಅಡಿ ಅಂತರ, ಎಡ್ವರ್ಡ್ ಹಾಲ್ ಹೇಳಿದ ಅಳತೆಯ ಒಳಗೇ. ಇನ್ನೊಂದು ಸಣ್ಣ ಸೋಫಾವನ್ನು ಊಟದ ಭಾಗಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ತಿರುಗಿಸಿ ಇಟ್ಟರೆ ಅದೇ ಗಡಿಯಾಗುತ್ತದೆ. ನಡುವೆ ಟೀಪಾಯಿ ಬೇಡ, ಅದು ಉಯ್ಯಾಲೆಯ ದಾರಿ. ಕಾಫಿ ಲೋಟಕ್ಕೆ ಸೋಫಾದ ಪಕ್ಕ ಎರಡು ಸಣ್ಣ ಸ್ಟೂಲ್ ಇಡಿ.

ಆದರೆ ಕೊಕ್ಕೆಯ ವಿಷಯದಲ್ಲಿ ಸಲುಗೆ ಬೇಡ. ತಾರಸಿ ಹಾಕುವಾಗಲೇ ಕಂಬಿಗೆ ಕಟ್ಟಿ ಕೊಕ್ಕೆ ಬಿಡಿಸಿದ್ದರೆ ಅದೃಷ್ಟ. ಇಲ್ಲದಿದ್ದರೆ ಮನೆ ಕಟ್ಟಿಸಿದ ಎಂಜಿನಿಯರನ್ನೇ ಕರೆಸಿ ಕಾಂಕ್ರೀಟ್ ತೊಲೆ ಎಲ್ಲಿ ಹಾದಿದೆ, ಎಲ್ಲಿ ಕೊರೆಯಬಹುದು ಎಂದು ಗುರುತು ಹಾಕಿಸಿಕೊಳ್ಳಿ. ಫಾಲ್ಸ್ ಸೀಲಿಂಗಿನ ಪಟ್ಟಿಗಳಿಗೆ ಭಾರ ಬೀಳಲೇಬಾರದು. ಅದನ್ನು ಕತ್ತರಿಸಿ ಸರಪಳಿಯನ್ನು ಮೇಲಿನ ಕಾಂಕ್ರೀಟಿಗೇ ಸೇರಿಸಬೇಕು. ತೂಗುವ ಭಾರ ಸುಮ್ಮನೆ ಕೂತ ಭಾರಕ್ಕಿಂತ ಹೆಚ್ಚು: ನೇರದಿಂದ 30 ಡಿಗ್ರಿಯಷ್ಟು ತೂಗಿದರೆ ಕೆಳಗೆ ಹಾಯುವ ಗಳಿಗೆಯಲ್ಲಿ ಸರಪಳಿಯ ಎಳೆತ ಕಾಲುಭಾಗಕ್ಕಿಂತ ತುಸು ಜಾಸ್ತಿಯಾಗುತ್ತದೆ, ಮಕ್ಕಳು ಹುರುಪಿನಲ್ಲಿ 60 ಡಿಗ್ರಿಗೆ ಜೀಕಿದರೆ ಎರಡರಷ್ಟು. ಹಬ್ಬದ ದಿನ ಮೂವರು ಒಟ್ಟಿಗೆ ಕೂರುತ್ತಾರೆ ಎಂದಿಟ್ಟುಕೊಂಡೇ ಎಂಜಿನಿಯರ್ ಲೆಕ್ಕ ಹಾಕಲಿ. ಮಣೆ ನೆಲದಿಂದ 18 ಇಂಚು ಎತ್ತರದಲ್ಲಿದ್ದರೆ ಅತ್ತೆಯವರಿಗೆ ಕೂರಲು ಏಳಲು ಸಲೀಸು.

ಇನ್ನು ಉಯ್ಯಾಲೆಯ ಹಿಂದಿನ ಗೋಡೆ. ಅದನ್ನು ಬರಿದಾಗಿ ಬಿಟ್ಟರೂ ನಡೆಯುತ್ತದೆ. ಆದರೆ ನಿಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲೇ ಇಂಥ ಗೋಡೆಗೆಂದು ಬೆಳೆದುಬಂದ ಕಲೆ ಇದೆ. ಸಾಗರ, ಸೊರಬ ಸೀಮೆಯ, ಉತ್ತರ ಕನ್ನಡದ ಸಿದ್ದಾಪುರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ, ಪುಂಡಿ ನಾರಿನ ಕುಂಚ; ಗೆರೆಗೆ ಗೆರೆ ಸೇರಿಸಿ ಹೆಣೆದಂಥ ಕಟ್ಟುನಿಟ್ಟಾದ ವಿನ್ಯಾಸ. ಮದುವೆಯಲ್ಲಿ ಗಂಡು ಹೆಣ್ಣು ಹಸೆಗೆ ಕೂರುವ ಜಾಗದ ಹಿಂದಿನ ಗೋಡೆಗೆ ಬರೆಯುವುದೇ ಹಸೆ ಚಿತ್ತಾರ. ಜನ ನೋಡಲು ಬರುವುದು ಮದುಮಕ್ಕಳನ್ನು. ಚಿತ್ತಾರ ಅವರ ಹಿಂದೆ ನಿಂತು ಕಣ್ಣನ್ನು ಅವರ ಮೇಲೆ ನಿಲ್ಲಿಸುತ್ತದೆ. ಇಂಟೀರಿಯರ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದನ್ನು ಆ ಹೆಂಗಸರು ತಲೆತಲಾಂತರದಿಂದ ಗೋಡೆಯ ಮೇಲೆ ಮಾಡಿ ತೋರಿಸುತ್ತ ಬಂದಿದ್ದಾರೆ.

ಚಿತ್ತಾರ ಬರೆಯುವವರನ್ನೇ ಕರೆಸಿ ಬರೆಸಿ, ಅವರು ಕೇಳಿದ ಸಂಭಾವನೆ ಕೊಡಿ. ನೆಟ್‌ನಿಂದ ಇಳಿಸಿದ ಚಿತ್ರವನ್ನು ಫ್ಲೆಕ್ಸ್ ಮಾಡಿಸಿ ಅಂಟಿಸುವುದಾದರೆ ಗೋಡೆ ಖಾಲಿ ಇರುವುದೇ ಮೇಲು. ಪುಟ್ಟಿ ಹೊಡೆದ ಗೋಡೆಯ ಮೇಲೆ ಅಕ್ಕಿಯ ಬಿಳಿ ಮಣ್ಣಿನ ಗೋಡೆಯಲ್ಲಿ ಹಿಡಿದ ಹಾಗೆ ಹಿಡಿಯುವುದಿಲ್ಲ. ಹಾಗಾಗಿ ಕೆಮ್ಮಣ್ಣಿನ ಬಣ್ಣದ ಎಮಲ್ಷನ್ ಬಳಿದು, ಮೇಲೆ ಬಾಳಿಕೆ ಬರುವ ಬಣ್ಣದಲ್ಲಿ ಬರೆಯಲು ಅವರಿಗೆ ಒಪ್ಪಿಗೆಯೇ ಎಂದು ಮೊದಲೇ ಮಾತಾಡಿಕೊಳ್ಳಿ. ಇಡೀ ಗೋಡೆ ತುಂಬಿಸಬೇಡಿ. ಉಯ್ಯಾಲೆಗಿಂತ ಆಚೀಚೆ ಒಂದೊಂದಡಿ ಅಗಲ ಸಾಕು. ಕೂತವರ ತಲೆ ನೆಲದಿಂದ ನಾಲ್ಕಡಿ ಎತ್ತರಕ್ಕೆ ಬರುತ್ತದೆ; ಚಿತ್ತಾರದ ನಡುಭಾಗ ಅದಕ್ಕಿಂತ ಮೇಲಿದ್ದರೆ ಜನ ಕೂತಾಗಲೂ ಅದು ಕಾಣುತ್ತದೆ.

ಬೆಳಕು ಸರಿಯಿಲ್ಲದಿದ್ದರೆ ಇಷ್ಟೂ ಹಾಳು. ಹೊಸ ಮನೆಗಳಲ್ಲಿ ಫಾಲ್ಸ್ ಸೀಲಿಂಗಿನ ತುಂಬ 6500 ಕೆಲ್ವಿನ್‌ನ ಬೆಳ್ಳನೆಯ ದೀಪ ಸಮವಾಗಿ ಹರಡಿರುತ್ತದೆ. ಎಲ್ಲ ಕಡೆ ಒಂದೇ ಬೆಳಕಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕು? ಕೆಮ್ಮಣ್ಣಿನ ಬಣ್ಣವಂತೂ ಆ ಬೆಳಕಿನಲ್ಲಿ ಸತ್ತುಹೋಗುತ್ತದೆ. ಚಿತ್ತಾರಕ್ಕೆಂದೇ ಎರಡು ಸ್ಪಾಟ್‌ಲೈಟ್ ಹಾಕಿಸಿ, 2700ರಿಂದ 3000 ಕೆಲ್ವಿನ್‌ನೊಳಗಿನವು. ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಗುಣದ ಅಳತೆ) 90 ಅಥವಾ ಹೆಚ್ಚು ಎಂದಿರಲಿ, ಕೆಂಪು ಕೆಂಪಾಗಿ ಕಾಣುವುದು ಆಗಲೇ. ಹತ್ತೂವರೆ ಅಡಿ ಎತ್ತರದ ಸೀಲಿಂಗಾದರೆ ಗೋಡೆಯಿಂದ ಮೂರಡಿ ಈಚೆಗೆ ಅವುಗಳ ಜಾಗ. ಸರಪಳಿ ಐದಡಿಗೆ ಇಳಿಯುವುದರಿಂದ ಅದರ ನೆರಳೂ ಚಿತ್ತಾರದ ಮೇಲೆ ಬೀಳುವುದಿಲ್ಲ. ಸೋಫಾದ ಪಕ್ಕ ನೆಲದ ಮೇಲೆ ನಿಲ್ಲುವ ದೀಪವೊಂದಿರಲಿ. ಸಂಜೆಯ ಹೊತ್ತು ಇವು ಮೂರೇ ಸಾಕು. ಮೇಲಿನ ಬಿಳಿ ದೀಪಗಳನ್ನು ಕಸ ಗುಡಿಸುವಾಗ ಹಾಕಿಕೊಳ್ಳಿ.

ಬೆಳಕಿಗಿಂತ ಮುಖ್ಯವಾದದ್ದು ನಿಮ್ಮೂರಿನಲ್ಲಿ ಫ್ಯಾನು. ಪಶ್ಚಿಮದ ಪುಸ್ತಕಗಳು ಬೆಂಕಿಗೂಡಿನ ಸುತ್ತ ಕೋಣೆ ಜೋಡಿಸಲು ಹೇಳುತ್ತವೆ, ಅಲ್ಲಿನ ಚಳಿಗೆ ಅದು ಸರಿ. ಏಪ್ರಿಲ್‌ನ ದಾವಣಗೆರೆಯಲ್ಲಿ ಜನ ಚಿತ್ತಾರ ನೋಡಿ ಕೂರುವುದಿಲ್ಲ, ಫ್ಯಾನ್ ನೋಡಿ ಕೂರುತ್ತಾರೆ. ಫ್ಯಾನಿನ ಕೊಕ್ಕೆ ಹಾಲಿನ ನಟ್ಟನಡುವೆ ಇದ್ದರೆ ಕುರ್ಚಿಗಳೂ ಮೆಲ್ಲಗೆ ಅತ್ತ ಸರಿದು ನಿಮ್ಮ ಜೋಡಣೆಯೆಲ್ಲ ಎರಡೇ ವಾರದಲ್ಲಿ ಕೆಡುತ್ತದೆ. ಸೋಫಾದ ನೇರಕ್ಕೆ ಒಂದು ಫ್ಯಾನ್ ಬರಲೇಬೇಕು. ಇಲ್ಲದಿದ್ದರೆ ಕಿಟಕಿ ಕಡೆಯ ಗೋಡೆಗೊಂದು ವಾಲ್ ಫ್ಯಾನ್. ಸಾಮಾನ್ಯ ಫ್ಯಾನಿನ ರೆಕ್ಕೆಗಳು ನಾಲ್ಕಡಿ ವ್ಯಾಸದಲ್ಲಿ ತಿರುಗುತ್ತವೆ. ಉಯ್ಯಾಲೆಯ ಸರಪಳಿ ಎಷ್ಟೇ ಜೀಕಿದರೂ ಆ ವ್ಯಾಪ್ತಿಯೊಳಗೆ ಹೋಗದ ಹಾಗೆ ನೋಡಿಕೊಳ್ಳಿ.

ನೆಲಕ್ಕೆ ಒಂದು ಹಾಸು ಬೇಕಾಗುತ್ತದೆ, ಇಲ್ಲದಿದ್ದರೆ ಗೋಡೆ ಬಿಟ್ಟು ಬಂದ ಸೋಫಾಗಳು ಟೈಲ್ಸ್ ಮೇಲೆ ತೇಲಿದ ಹಾಗೆ ಕಾಣುತ್ತವೆ. ನವಲಗುಂದದ ಜಮಖಾನೆ ವಿಚಾರಿಸಿ. ಅಲ್ಲಿನ ಹೆಂಗಸರು ಮಗ್ಗದಲ್ಲಿ ಕೈಯಿಂದಲೇ ನೇಯುವ ಹತ್ತಿಯ ಹಾಸು, ಭೌಗೋಳಿಕ ಗುರುತೂ ಸಿಕ್ಕಿದೆ. ಗಟ್ಟಿ ಬಣ್ಣ, ಪಗಡೆಯ ಮನೆ, ನವಿಲು. ಸೋಫಾಗಳ ಮುಂಗಾಲುಗಳು ಅದರ ಮೇಲೆ ಬರುವಷ್ಟು ದೊಡ್ಡದು ಬೇಕು, 9×12 ಅಡಿಯಾದರೂ. ಅಷ್ಟು ದೊಡ್ಡದನ್ನು ಹೇಳಿ ನೇಯಿಸಬೇಕಾದೀತು, ಕಾಯಬೇಕಾದೀತು. ನಾಲ್ಕಡಿಯದೊಂದನ್ನು ನಡುವೆ ಹಾಸಿ ಸಮಾಧಾನಪಡಬೇಡಿ, ಹಾಲು ಇನ್ನೂ ದೊಡ್ಡದಾಗಿ ಕಾಣುತ್ತದೆ. ಉಯ್ಯಾಲೆಯಲ್ಲಿ ಕೂತವರು ಕಾಲಲ್ಲಿ ಒದ್ದು ತೂಗಿಕೊಳ್ಳುವ ಜಾಗಕ್ಕೆ ಹಾಸು ಬಾರದಿರಲಿ. ಮಡಿಚಿಕೊಂಡು ಕಾಲಿಗೆ ಸಿಗುತ್ತದೆ.

ಇಷ್ಟಾದ ಮೇಲೆ ಉಳಿದದ್ದೆಲ್ಲ ತೆಪ್ಪಗಿರಬೇಕು. ಹೂವಿನ ಪರದೆ, ಬಣ್ಣದ ದೀಪದ ಪಟ್ಟಿ, ಟ್ರೋಫಿ ತುಂಬಿದ ಗಾಜಿನ ಶೋಕೇಸ್ ಎಲ್ಲವೂ ಇದೇ ಹಾಲಿನಲ್ಲಿ ಕಣ್ಣು ಕರೆದರೆ ಉಯ್ಯಾಲೆಯೂ ಆ ಗದ್ದಲದಲ್ಲೊಂದಾಗುತ್ತದೆ. ಪರದೆಗೆ ಗೋಡೆಗಿಂತ ತುಸು ಗಾಢವಾದ ಒಂದೇ ಬಣ್ಣ. ಶೋಕೇಸ್ ಊಟದ ಭಾಗಕ್ಕೆ ಹೋಗಲಿ.

ಎಂಜಿನಿಯರನ್ನು ಕರೆಸುವ ಮೊದಲು ಒಂದು ಕೆಲಸ ಮಾಡಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿ, ಸೋಫಾಗಳನ್ನು ಸರಿಸಿ, ಉಯ್ಯಾಲೆ ಬರುವ ಜಾಗದಲ್ಲಿ ಒಂದು ಬೆಂಚನ್ನೋ ಎರಡು ಕುರ್ಚಿಯನ್ನೋ ಇಟ್ಟು ಒಂದು ವಾರ ಬದುಕಿ ನೋಡಿ. ನೆಂಟರು ಬಂದಾಗ ಯಾರು ಎಲ್ಲಿ ಕೂರುತ್ತಾರೆ ಗಮನಿಸಿ. ಬೆಂಚಿನ ಮೇಲೆ ಯಾರೂ ಕೂರದೆ ಎಲ್ಲರೂ ಊಟದ ಮೇಜಿನ ಸುತ್ತಲೇ ಸೇರಿದರೆ ನಿಮ್ಮ ಮನೆಯ ಕೇಂದ್ರ ಅಲ್ಲಿದೆ ಎಂದು ತಿಳಿದು, ಚಿತ್ತಾರವನ್ನೂ ಸ್ಪಾಟ್‌ಲೈಟನ್ನೂ ಅಲ್ಲಿಗೇ ಒಯ್ಯಿರಿ. ಬೆಂಚಿಗೆ ಗಿರಾಕಿ ಸಿಕ್ಕರೆ ಊರಿಂದ ಮಣೆ ತರಿಸಿ. ಹಳೆಯ ತೇಗವನ್ನು ಪಾಲಿಶ್ ಮಾಡಿಸುವ ಮುನ್ನ ಬಳೆಗಳು ಕೂರುವ ತೂತುಗಳ ಸುತ್ತ ಸೀಳು ಬಿಟ್ಟಿದೆಯೇ ಎಂದು ಬಡಗಿಯಿಂದ ನೋಡಿಸಿ. ಅಂಗಡಿಯ ಹೊಸ ಹಿತ್ತಾಳೆ ಸರಪಳಿಗಳಲ್ಲಿ ಕೆಲವು ಅಂದಕ್ಕೆ ಮಾತ್ರ ಮಾಡಿದವು. ಎಷ್ಟು ಭಾರ ಹೊರುತ್ತದೆ ಎಂದು ಬಿಲ್ಲಿನ ಮೇಲೆ ಬರೆದುಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.